ಕಪ್ಪು ಬಾವುಟದಲ್ಲಿ ಒಂದು ಕಿತ್ತಳೆ

ಕೊಡಗಿನವರಿಗೆ ಕಿತ್ತಳೆ ಎಂದರೆ ಮೊದಲು ನೆನಪಾಗುವುದು ಕಾಫಿ ತೋಟದ ನಡುವಿನ ಕಿತ್ತಳೆ ಮರ. ಸಿಪ್ಪೆ ಸಡಿಲವಾದ, ಹುಳಿ ಸಿಹಿ ಬೆರೆತ ಆ ಹಣ್ಣಿನ ರುಚಿ ತಿಂದವರಿಗೇ ಗೊತ್ತು. ಆದರೆ ಕಾರು ಓಡಿಸುವ ಟ್ರ್ಯಾಕಿನಲ್ಲಿ ಇನ್ನೊಂದು ಕಿತ್ತಳೆ ಇದೆ. ಕಪ್ಪು ಬಾವುಟದ ನಟ್ಟನಡುವೆ ದುಂಡಗಿನ ಕಿತ್ತಳೆ ಬಣ್ಣದ ಬಿಲ್ಲೆ. ಅದರ ಜೊತೆಗೆ ಒಂದು ಕಾರಿನ ಸಂಖ್ಯೆ. ಅದನ್ನು ತೋರಿಸಿದರೆ ಅರ್ಥ ಇಷ್ಟೇ: ‘ನಿನ್ನ ಕಾರಿನಲ್ಲಿ ದೋಷ ಇದೆ. ನಿನಗೆ ಕಾಣದಿರಬಹುದು, ಹೊರಗಿರುವ ನಮಗೆ ಕಾಣುತ್ತಿದೆ. ತಡಮಾಡದೆ ಒಳಗೆ ಬಾ.’

ಇದು ಶಿಕ್ಷೆಯ ಬಾವುಟವಲ್ಲ. ದೋಷ ಸರಿಪಡಿಸಿ ಅಧಿಕಾರಿಗಳಿಗೆ ತೃಪ್ತಿಯಾದರೆ ಮತ್ತೆ ಟ್ರ್ಯಾಕಿಗೆ ಇಳಿಯಬಹುದು. ಆದರೂ ಈ ಬಾವುಟವನ್ನು ಕಂಡು ಒಳಗೆ ಬರುವುದು ಎಷ್ಟು ಕಷ್ಟವೆಂದು ಸ್ಟಿಯರಿಂಗ್ ಹಿಡಿದವರನ್ನು ಕೇಳಿ. ‘ಇನ್ನೊಂದೇ ಒಂದು ಸುತ್ತು’ ಎನ್ನುತ್ತದೆ ಮನಸ್ಸು. ಯಂತ್ರಕ್ಕೂ ಮನುಷ್ಯನಿಗೂ ಆಗುವ ಹಾನಿಯಲ್ಲಿ ಬಹುಪಾಲು ಆ ಒಂದು ಸುತ್ತಿನಲ್ಲಿ ಆಗುವಂಥದ್ದು.

ಟ್ರ್ಯಾಕ್ ಡೇ ಎಂದರೇನು?

ಕೊಡಗಿಗೂ ಮೋಟಾರು ಕ್ರೀಡೆಗೂ ನಂಟಿದೆ. ಕೊಯ್ಲು ಮುಗಿದ ಗದ್ದೆಗಳಲ್ಲಿ ಆಟೋಕ್ರಾಸ್ ನಡೆಯುತ್ತದೆ. ಮಳೆಗಾಲದ ಕೆಸರಿನಲ್ಲಿ ಜೀಪುಗಳ ಸಾಹಸ ನಡೆಯುತ್ತದೆ. ರಾಷ್ಟ್ರೀಯ ರ‍್ಯಾಲಿ ಚಾಂಪಿಯನ್‌ಶಿಪ್‌ನ ಸುತ್ತು ‘ರೋಬಸ್ಟಾ ರ‍್ಯಾಲಿ’ ಎಂಬ ಹೆಸರಿನಲ್ಲಿ ಇಲ್ಲಿನ ತೋಟಗಳ ರಸ್ತೆಗಳಲ್ಲಿ ನಡೆದದ್ದೂ ಉಂಟು. ಆದರೆ ಡಾಂಬರು ಹಾಕಿದ ರೇಸ್ ಟ್ರ್ಯಾಕ್ ಮಾತ್ರ ಜಿಲ್ಲೆಯಲ್ಲಿ ಇಲ್ಲ. ಅದಕ್ಕಾಗಿ ಇಲ್ಲಿನ ಯುವಕ ಯುವತಿಯರು ತಮಿಳುನಾಡಿಗೆ ಹೋಗಬೇಕು. ಕೊಯಮತ್ತೂರಿನ ಬಳಿ 2.1 ಕಿ.ಮೀ. ಉದ್ದದ ಕರಿ ಮೋಟರ್ ಸ್ಪೀಡ್‌ವೇ ಇದೆ. ಚೆನ್ನೈ ಸಮೀಪದ ಇರುಂಗಾಟ್ಟುಕೋಟೈಯಲ್ಲಿ ಮದ್ರಾಸ್ ಮೋಟರ್ ಸ್ಪೋರ್ಟ್ಸ್ ಕ್ಲಬ್ಬಿನ ಸುಮಾರು 3.7 ಕಿ.ಮೀ. ಟ್ರ್ಯಾಕ್ ಇದೆ. ಕರಿ ಎಂಬುದು ಎಸ್. ಕರಿವರ್ಧನ್ ಅವರ ನೆನಪಿಗಾಗಿ ಇಟ್ಟ ಹೆಸರು. ಮಾರುತಿ ಎಂಜಿನ್ ಬಳಸಿ ‘ಫಾರ್ಮುಲಾ ಮಾರುತಿ’ ರೇಸ್ ಕಾರು ರೂಪಿಸಿದ ಅವರು 1995ರಲ್ಲಿ ವಿಮಾನ ಅಪಘಾತದಲ್ಲಿ ತೀರಿಕೊಂಡರು.

ಟ್ರ್ಯಾಕ್ ಡೇ ಎಂದರೆ ರೇಸ್ ಅಲ್ಲ. ಬಹುಮಾನ ಇಲ್ಲ. ಶುಲ್ಕ ಕಟ್ಟಿ, ಹೆಲ್ಮೆಟ್ ಧರಿಸಿ, ದಿನನಿತ್ಯ ಓಡಿಸುವ ನಮ್ಮದೇ ಕಾರನ್ನು ಕೆಲವು ನಿಮಿಷಗಳ ಸರದಿಯಂತೆ ಟ್ರ್ಯಾಕಿನಲ್ಲಿ ಓಡಿಸುವ ದಿನ. ಎದುರಿನಿಂದ ಬಸ್ಸು ಬರುವುದಿಲ್ಲ, ದನ ಅಡ್ಡ ಬರುವುದಿಲ್ಲ, ಶಾಲೆ ಬಿಟ್ಟ ಮಕ್ಕಳು ಇರುವುದಿಲ್ಲ. ವೇಗದ ಹಂಬಲ ಇರುವ ಮಕ್ಕಳು ಅದನ್ನು ಗೋಣಿಕೊಪ್ಪ ರಸ್ತೆಯಲ್ಲಿ ತೀರಿಸಿಕೊಳ್ಳುವುದಕ್ಕಿಂತ ಇದು ಸಾವಿರ ಪಾಲು ಮೇಲು. ಅದರಲ್ಲಿ ಎರಡು ಮಾತಿಲ್ಲ. ಆದರೆ ರಸ್ತೆಗಾಗಿ ತಯಾರಾದ ಕಾರು ಟ್ರ್ಯಾಕಿನಲ್ಲಿ ಏನೇನು ತಾಳಿಕೊಳ್ಳಬೇಕು ಎಂಬುದು ಮೊದಲೇ ತಿಳಿದಿರಬೇಕು.

ಆರು ಸುತ್ತಿಗೆ ಒಂದು ಘಾಟಿ

ಮೊದಲು ಬ್ರೇಕಿನ ವಿಷಯ. ಪಿ.ಯು.ಸಿ. ವಿಜ್ಞಾನ ಓದುವವರು ಕಾಗದ ಪೆನ್ನು ತೆಗೆದುಕೊಂಡು ಲೆಕ್ಕ ಹಾಕಿ ನೋಡಬಹುದು. ಚಲಿಸುವ ವಸ್ತುವಿನ ಶಕ್ತಿ ವೇಗದ ವರ್ಗಕ್ಕೆ ಅನುಗುಣವಾಗಿರುತ್ತದೆ. ವೇಗ ಇಮ್ಮಡಿಯಾದರೆ ಶಕ್ತಿ ನಾಲ್ಮಡಿ. ಒಂದು ಟನ್ ತೂಕದ ಕಾರನ್ನು ಗಂಟೆಗೆ 120 ಕಿ.ಮೀ. ವೇಗದಿಂದ 60ಕ್ಕೆ ಇಳಿಸಲು ಬ್ರೇಕುಗಳು ಸುಮಾರು 4 ಲಕ್ಷ ಜೂಲ್ ಶಕ್ತಿಯನ್ನು ಶಾಖವಾಗಿ ಮಾರ್ಪಡಿಸಬೇಕು. ಒಂದೂಕಾಲು ಲೀಟರ್ ತಣ್ಣೀರನ್ನು ಕುದಿಬಿಂದುವಿಗೆ ತರಲು ಅಷ್ಟು ಶಾಖ ಸಾಕು. ಬ್ರೇಕ್ ಒತ್ತಿದ ಕೆಲವೇ ಸೆಕೆಂಡುಗಳಲ್ಲಿ ನಡೆದುಹೋಗುವ ಕೆಲಸ ಇದು!

ಈಗ ನಮ್ಮ ಘಾಟಿಯ ಲೆಕ್ಕ. ಮಡಿಕೇರಿಯಿಂದ ಸಂಪಾಜೆ ದಾಟಿ ಸುಳ್ಯಕ್ಕೆ ಇಳಿದರೆ ಸುಮಾರು ಒಂದು ಸಾವಿರ ಮೀಟರ್ ಎತ್ತರ ಕಳೆದುಕೊಳ್ಳುತ್ತೇವೆ. ಅದೇ ಒಂದು ಟನ್ ಕಾರಿಗೆ ಅದು 98 ಲಕ್ಷ ಜೂಲ್. ಮೂವತ್ತು ಲೀಟರ್ ನೀರು, ಅಂದರೆ ಒಂದು ಹಂಡೆ ಸ್ನಾನದ ನೀರು ಕುದಿಯುವಷ್ಟು ಶಾಖ. ಇಷ್ಟನ್ನೂ ಬ್ರೇಕಿನ ಮೇಲೆಯೇ ಹೊರಿಸಿದರೆ ಏನಾಗುತ್ತದೆಂದು ಹಳೆಯ ಚಾಲಕರಿಗೆ ಗೊತ್ತು. ಅದಕ್ಕೇ ಅವರು ‘ಘಾಟಿ ಯಾವ ಗೇರಿನಲ್ಲಿ ಹತ್ತುತ್ತೀಯೋ ಅದೇ ಗೇರಿನಲ್ಲಿ ಇಳಿ’ ಎಂದು ಹೇಳಿಕೊಡುತ್ತಾರೆ. ಎಂಜಿನ್ನೇ ಕಾರನ್ನು ಹಿಡಿದುಕೊಂಡಾಗ ಬ್ರೇಕಿಗೆ ಉಸಿರಾಡಲು ಬಿಡುವು ಸಿಗುತ್ತದೆ.

ಟ್ರ್ಯಾಕಿನಲ್ಲಿ ಆ ಬಿಡುವು ಇಲ್ಲ. ಪ್ರತಿ ಸುತ್ತಿಗೆ ನಾಲ್ಕು ಸಲ 120ರಿಂದ 60ಕ್ಕೆ ಇಳಿಸಿದರೆ, ಆರು ಸುತ್ತು ಮುಗಿಯುವಷ್ಟರಲ್ಲಿ ಒಂದು ಘಾಟಿಯಷ್ಟು ಶಾಖ ಬ್ರೇಕಿನೊಳಗೆ ಸೇರಿರುತ್ತದೆ. ಮಡಿಕೇರಿಯಿಂದ ಸುಳ್ಯಕ್ಕೆ ಇಳಿಯಲು ಒಂದು ಗಂಟೆಗೂ ಹೆಚ್ಚು ಹೊತ್ತು ಬೇಕು. ಇಲ್ಲಿ ಅಷ್ಟೂ ಹತ್ತು ಹನ್ನೆರಡು ನಿಮಿಷಗಳಲ್ಲಿ ಆಗಿಹೋಗುತ್ತದೆ. ಮನೆಯ ಕಾರಿನ ಬ್ರೇಕು ಮೊದಲ ಟ್ರ್ಯಾಕ್ ದಿನವೇ ಸೋಲುವುದರಲ್ಲಿ ಆಶ್ಚರ್ಯವೇನಿದೆ?

ಪೆಡಲ್ ಹೇಳುವ ಮಾತು

ಬ್ರೇಕ್ ಸೋಲುವುದು ಎರಡು ಬಗೆಯಲ್ಲಿ. ಮೊದಲನೆಯದು, ಪೆಡಲ್ ಗಟ್ಟಿಯಾಗಿಯೇ ಇರುತ್ತದೆ, ಆದರೆ ಕಾರು ನಿಲ್ಲುವುದಿಲ್ಲ. ಪ್ಯಾಡುಗಳು ಅತಿಯಾಗಿ ಕಾದು ಹಿಡಿತ ಕಳೆದುಕೊಂಡಿವೆ ಎಂದು ಅರ್ಥ. ಸುಟ್ಟ ವಾಸನೆಯೂ ಬರುತ್ತದೆ. ಎರಡನೆಯದು, ಪೆಡಲ್ ಸ್ಪಂಜಿನಂತೆ ಮೆತ್ತಗಾಗಿ ಕೆಳಗೆ ಇಳಿಯುತ್ತದೆ. ಇದು ಹೆಚ್ಚು ಅಪಾಯಕಾರಿ. ಬ್ರೇಕ್ ದ್ರವವೇ ಕುದಿದು ಕೊಳವೆಯಲ್ಲಿ ಆವಿಯ ಗುಳ್ಳೆಗಳು ಎದ್ದಿವೆ ಎಂದು ಅರ್ಥ. ದ್ರವವನ್ನು ಒತ್ತಿ ಕುಗ್ಗಿಸಲಾಗುವುದಿಲ್ಲ, ಆವಿಯನ್ನು ಕುಗ್ಗಿಸಬಹುದು. ಕಾಲಿನ ಬಲವೆಲ್ಲ ಗುಳ್ಳೆಗಳನ್ನು ಹಿಂಡುವುದರಲ್ಲೇ ಮುಗಿದು ಚಕ್ರಕ್ಕೆ ತಲುಪುವುದೇ ಇಲ್ಲ.

ಇಲ್ಲಿ ಕೊಡಗಿನ ಹವೆಗೂ ಪಾತ್ರ ಇದೆ. ಬ್ರೇಕ್ ದ್ರವಕ್ಕೆ ಗಾಳಿಯ ತೇವವನ್ನು ಹೀರಿಕೊಳ್ಳುವ ಗುಣವಿದೆ. ‘ಡಾಟ್ 3’ ದರ್ಜೆಯ ಹೊಸ ದ್ರವ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಎಂಬುದು ನಿಯಮ. ಸುಮಾರು ಶೇ. 3.7ರಷ್ಟು ನೀರು ಸೇರಿದರೆ ಆ ಮಿತಿ 140ಕ್ಕೆ ಇಳಿಯುತ್ತದೆ. ‘ಡಾಟ್ 4’ರಲ್ಲಿ ಈ ಅಂಕಿಗಳು 230 ಮತ್ತು 155. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆಗಳೇ ಬೆವರುವ ಊರಿನಲ್ಲಿ ಎರಡು ಮೂರು ಮಳೆಗಾಲ ಕಳೆದ ದ್ರವದ ಗತಿ ಏನಾಗಿರಬೇಡ? ಪೇಟೆಗೆ ಹೋಗಿಬರುವ ಓಡಾಟದಲ್ಲಿ ಅದು ತಿಳಿಯುವುದೇ ಇಲ್ಲ. ಗುಟ್ಟು ಬಯಲಾಗುವುದು ಟ್ರ್ಯಾಕಿನಲ್ಲಿ, ಇಲ್ಲವೇ ಘಾಟಿಯ ಕೊನೆಯ ತಿರುವಿನಲ್ಲಿ. ಆದ್ದರಿಂದ ಟ್ರ್ಯಾಕಿಗೆ ಹೊರಡುವ ಮುನ್ನ ದ್ರವ ಬದಲಾಯಿಸಿ, ಕೊಳವೆಯಲ್ಲಿನ ಗಾಳಿ ತೆಗೆಸುವುದು ಮೊದಲ ಕೆಲಸ. ಅದಕ್ಕೆ ತಗಲುವ ಖರ್ಚು ಒಂದು ಟೈರಿನ ಬೆಲೆಗಿಂತ ಎಷ್ಟೋ ಕಡಿಮೆ.

ಪೆಡಲ್ ಕೆಳಗಿಳಿದೇ ಬಿಟ್ಟರೆ? ಗಾಬರಿಯಾಗದೆ ಪೆಡಲನ್ನು ಬೇಗ ಬೇಗ ಹಲವು ಸಲ ಒತ್ತಬೇಕು. ಸ್ವಲ್ಪ ಒತ್ತಡ ಮರಳಿ ಬರಬಹುದು. ಗೇರನ್ನು ಒಂದೊಂದಾಗಿ ಇಳಿಸಬೇಕು. ಹ್ಯಾಂಡ್ ಬ್ರೇಕನ್ನು ಒಮ್ಮೆಲೇ ಎಳೆದರೆ ಕಾರು ಗಿರಕಿ ಹೊಡೆಯುತ್ತದೆ. ಗುಂಡಿ ಒತ್ತಿ ಹಿಡಿದು ಹಂತ ಹಂತವಾಗಿ ಎಳೆಯಬೇಕು. ತಿರುವು ತೆಗೆದುಕೊಳ್ಳಲು ಹೆಣಗುವುದಕ್ಕಿಂತ, ಟ್ರ್ಯಾಕಿನ ಹೊರಗೆ ಇದಕ್ಕೆಂದೇ ಬಿಟ್ಟಿರುವ ಖಾಲಿ ಜಾಗಕ್ಕೆ ನೇರವಾಗಿ ಹೋಗುವುದು ಲೇಸು. ಎಂಜಿನ್ ಕೀಲಿ ಮಾತ್ರ ತೆಗೆಯಕೂಡದು. ತೆಗೆದರೆ ಸ್ಟಿಯರಿಂಗೇ ಬಿಗಿದುಕೊಳ್ಳಬಹುದು. ಆಕ್ಸಿಲರೇಟರ್ ಸಿಕ್ಕಿಹಾಕಿಕೊಂಡರೂ ಹೀಗೆಯೇ: ಕ್ಲಚ್ ಒತ್ತಿ ನ್ಯೂಟ್ರಲ್‌ಗೆ ತಂದು ಬ್ರೇಕ್ ಹಾಕಬೇಕು.

ಹಾಲು ಬೆರೆತ ಕಾಫಿ ಕಂಡರೆ

ಇನ್ನು ಎಂಜಿನ್. ಮಡಿಕೇರಿಯ ಎತ್ತರದಲ್ಲಿ ತೆರೆದ ಪಾತ್ರೆಯ ನೀರು ಸುಮಾರು 96 ಡಿಗ್ರಿಗೇ ಕುದಿಯುತ್ತದೆ. ಕಾರಿನ ರೇಡಿಯೇಟರ್ ಮಾತ್ರ ಮುಚ್ಚಳದ ಒತ್ತಡದಿಂದಾಗಿ ಸುಮಾರು 120 ಡಿಗ್ರಿವರೆಗೂ ತಾಳಿಕೊಳ್ಳುತ್ತದೆ. ಪ್ರೆಶರ್ ಕುಕ್ಕರಿನ ತತ್ವವೇ ಇದು. ಆ ಮುಚ್ಚಳದ ರಬ್ಬರ್ ಸವೆದಿದ್ದರೆ ಅಥವಾ ರೇಡಿಯೇಟರಿನ ಮುಂದೆ ತೋಟದ ಮಣ್ಣು, ಒಣ ಎಲೆ ಮೆತ್ತಿಕೊಂಡಿದ್ದರೆ ಟ್ರ್ಯಾಕಿನಲ್ಲಿ ಮುಳ್ಳು ಕೆಂಪಿನತ್ತ ಏರುತ್ತದೆ. ಏರುವುದು ಕಂಡೊಡನೆ ವೇಗ ತಗ್ಗಿಸಿ ಹೀಟರನ್ನು ಪೂರ್ತಿ ತೆರೆಯಬೇಕು. ಎಂಜಿನ್ನಿನ ಒಂದಿಷ್ಟು ಶಾಖ ಕಾರಿನೊಳಕ್ಕೆ ಬರುತ್ತದೆ. ಬೆವರಿದರೂ ಪರವಾಗಿಲ್ಲ, ಎಂಜಿನ್ ಉಳಿಯುತ್ತದೆ. ಬಳಿಕ ಒಳಗೆ ಬಂದು ತಣಿಯಲು ಬಿಡಬೇಕು. ಬಿಸಿ ಇರುವಾಗ ಮುಚ್ಚಳ ತೆರೆಯಲೇ ಬಾರದು. ಕುದಿಯುವ ನೀರು ಚಿಮ್ಮಿ ಮುಖ, ಕೈ ಸುಟ್ಟುಕೊಳ್ಳುವ ಅಪಾಯ ಇದೆ.

ಎಣ್ಣೆ ತುಂಬುವ ಮುಚ್ಚಳ ತೆಗೆದು ನೋಡಿದಾಗ ಒಳಗೆ ಹಾಲು ಬೆರೆಸಿದ ಕಾಫಿಯ ಬಣ್ಣ ಕಾಣುತ್ತಿದೆಯೇ? ಎಣ್ಣೆಗೆ ನೀರು ಸೇರಿದೆ. ಹೆಡ್ ಗ್ಯಾಸ್ಕೆಟ್ ಹೋಗಿರುವ ಸಾಧ್ಯತೆ ಹೆಚ್ಚು. ಆ ದಿನದ ಓಟ ಅಲ್ಲಿಗೇ ಮುಗಿಯಿತು. ‘ಮನೆಗೆ ಹೋಗಿ ನೋಡೋಣ’ ಎಂದು ಸ್ಟಾರ್ಟ್ ಮಾಡಿದರೆ ಸಾವಿರಗಳಲ್ಲಿ ಮುಗಿಯಬೇಕಾದ ರಿಪೇರಿ ಲಕ್ಷಕ್ಕೆ ಏರುತ್ತದೆ.

ಎಣ್ಣೆಯ ಇನ್ನೊಂದು ಗುಟ್ಟೂ ಇದೆ. ವೇಗವಾಗಿ ತಿರುಗುವಾಗ ನಾವು ಸೀಟಿನಲ್ಲಿ ಪಕ್ಕಕ್ಕೆ ವಾಲುವಂತೆ ಎಂಜಿನ್ನಿನ ತಳದ ಎಣ್ಣೆಯೂ ವಾಲುತ್ತದೆ. ಒಳ್ಳೆಯ ಟೈರಿನ ಕಾರು ಬಲವಾಗಿ ತಿರುಗಿದಾಗ ಎಣ್ಣೆಯ ಮಟ್ಟ ಸುಮಾರು 40 ಡಿಗ್ರಿ ಓರೆಯಾಗಬಹುದು. ಆಗ ಎಣ್ಣೆ ಹೀರುವ ಕೊಳವೆಗೆ ಎಣ್ಣೆಯ ಬದಲು ಗಾಳಿ ಸಿಗುತ್ತದೆ. ತಿರುವಿನಲ್ಲಿ ಎಣ್ಣೆಯ ಕೆಂಪು ದೀಪ ಒಂದು ಕ್ಷಣ ಮಿನುಗಿ ಆರುವುದು ಇದೇ ಕಾರಣಕ್ಕೆ. ‘ಆರಿತಲ್ಲ, ಸರಿಹೋಯಿತು’ ಎಂದುಕೊಳ್ಳುವವರೇ ಬಹಳ. ಆ ಒಂದು ಕ್ಷಣದಲ್ಲಿ ಬೇರಿಂಗುಗಳು ಎಣ್ಣೆಯಿಲ್ಲದೆ ಉಜ್ಜಿಕೊಂಡಿರುತ್ತವೆ. ಹೊರಡುವ ಮುನ್ನ ಅಳತೆ ಕಡ್ಡಿಯ ಮೇಲಿನ ಗೆರೆಯವರೆಗೆ ಎಣ್ಣೆ ಇರಲಿ, ಗೆರೆ ದಾಟುವುದೂ ಬೇಡ. ತಿರುವಿನಲ್ಲಿ ದೀಪ ಮಿನುಗಿದರೆ ನಿಧಾನಿಸಿ ಒಳಗೆ ಬನ್ನಿ. ಹೊತ್ತಿಕೊಂಡೇ ಉಳಿದರೆ ಕಾರನ್ನು ಟ್ರ್ಯಾಕಿನ ಹೊರಬದಿಗೆ ತಂದು ಎಂಜಿನ್ ನಿಲ್ಲಿಸಿ.

ಸಣ್ಣ ನಟ್ಟು, ದೊಡ್ಡ ಪಾಠ

ಚಕ್ರದ ನಟ್ಟುಗಳನ್ನು ಮೊದಲ ಸರದಿ ಮುಗಿದು ಚಕ್ರ ತಣಿದ ಮೇಲೆ ಮತ್ತೊಮ್ಮೆ ಟಾರ್ಕ್ ಸ್ಪ್ಯಾನರಿನಿಂದ ಪರೀಕ್ಷಿಸಬೇಕು. ಕಾಯುವ ಮತ್ತು ತಣಿಯುವ ಕ್ರಿಯೆಯಲ್ಲಿ ಅವು ಸಡಿಲಗೊಳ್ಳಬಹುದು. ಟೈರಿನ ಬದಿಯಲ್ಲಿರುವ ನಾಲ್ಕು ಅಂಕಿಗಳನ್ನೂ ಓದಲು ಕಲಿಯಿರಿ. 2319 ಎಂದಿದ್ದರೆ 2019ರ 23ನೇ ವಾರ ತಯಾರಾದ ಟೈರು. ಮೇಲೆ ಗುಂಡಿಗಳು ಆಳವಾಗಿದ್ದರೂ ರಬ್ಬರಿಗೆ ವಯಸ್ಸಾಗಿರುತ್ತದೆ. ಒಂದೇ ಬದಿಯ ತಿರುವಿನಲ್ಲಿ ಗುಂಯ್‌ಗುಡುವ ಸದ್ದು ಬಂದರೆ ಚಕ್ರದ ಬೇರಿಂಗನ್ನು ನೋಡಿಸಿ. ತೋಟದ ಶೆಡ್ಡಿನಲ್ಲಿ ನಿಲ್ಲುವ ಕಾರಾದರೆ ಬಾನೆಟ್ ತೆಗೆದು ವೈರುಗಳನ್ನು ಪರೀಕ್ಷಿಸುವುದನ್ನು ಮರೆಯಬೇಡಿ. ಇಲಿಗಳಿಗೆ ಟ್ರ್ಯಾಕ್ ಡೇ ಗೊತ್ತಿಲ್ಲ.

ಇಷ್ಟೆಲ್ಲ ಜಾಗ್ರತೆ ಮಾಡಿದರೂ ಯಂತ್ರ ಕೈಕೊಡುವುದಿಲ್ಲವೇ? ಕೊಡುತ್ತದೆ. 2013ರ ಅಕ್ಟೋಬರ್ 27ರಂದು ಗ್ರೇಟರ್ ನೊಯಿಡಾದ ಬುದ್ಧ ಸರ್ಕೀಟಿನಲ್ಲಿ ಫಾರ್ಮುಲಾ ಒನ್ ರೇಸ್ ನಡೆಯಿತು. ರೆಡ್‌ಬುಲ್ ತಂಡದ ಸೆಬಾಸ್ಟಿಯನ್ ವೆಟ್ಟೆಲ್ ಅಂದು ಗೆದ್ದು ನಾಲ್ಕನೇ ವಿಶ್ವಪಟ್ಟ ಪಡೆದರು. ಅದೇ ತಂಡದ ಮಾರ್ಕ್ ವೆಬ್ಬರ್ ಅವರ ಕಾರು ಆಲ್ಟರ್ನೇಟರ್ ಕೆಟ್ಟು ರೇಸ್ ಅರ್ಧಕ್ಕೇ ಬಿಡಬೇಕಾಯಿತು. ಅಷ್ಟು ಹಣ, ಅಷ್ಟು ಎಂಜಿನಿಯರುಗಳಿದ್ದ ತಂಡ! ಕಾರು ನಿಂತಿತು, ಚಾಲಕ ಕ್ಷೇಮವಾಗಿ ಮನೆಗೆ ಹೋದರು.

ಎಲ್ಲರಿಗೂ ಆ ಅದೃಷ್ಟ ಇರುವುದಿಲ್ಲ. 1970ರ ಸೆಪ್ಟೆಂಬರ್ 5ರಂದು ಇಟಲಿಯ ಮೊಂಜಾದಲ್ಲಿ ಯೋಹೆನ್ ರಿಂಟ್ ಅಭ್ಯಾಸದ ಓಟದಲ್ಲಿದ್ದಾಗ ಕಾರಿನ ಮುಂದಿನ ಬ್ರೇಕಿನ ಶಾಫ್ಟ್ ಮುರಿಯಿತು. ಅಪಘಾತದಲ್ಲಿ ಅವರು ಪ್ರಾಣ ಬಿಟ್ಟರು. ಆ ವರ್ಷದ ವಿಶ್ವಪಟ್ಟ ಅವರಿಗೇ ಸಂದಿತು, ಆದರೆ ಸ್ವೀಕರಿಸಲು ಅವರಿರಲಿಲ್ಲ. ಯಂತ್ರದ ಎಲ್ಲ ದೋಷಗಳೂ ಮುನ್ಸೂಚನೆ ಕೊಟ್ಟು ಬರುವುದಿಲ್ಲ. ಆದ್ದರಿಂದಲೇ ಸೂಚನೆ ಕೊಟ್ಟಾಗ ಕೇಳದಿರುವುದು ಕ್ಷಮೆಯಿಲ್ಲದ ತಪ್ಪು.

ಕಾರು ಟ್ರ್ಯಾಕಿನಲ್ಲೇ ನಿಂತುಹೋದರೆ ಬೇರೆಯವರು ಓಡುವ ದಾರಿಯಿಂದ ಆದಷ್ಟು ಹೊರಗೆ ನಿಲ್ಲಿಸಿ. ಬೆಂಕಿ, ಹೊಗೆ ಇಲ್ಲದಿದ್ದರೆ ಬೆಲ್ಟು, ಹೆಲ್ಮೆಟ್ ತೆಗೆಯದೆ ಒಳಗೇ ಕುಳಿತು ಮಾರ್ಷಲ್‌ಗಳ ಸೂಚನೆಗೆ ಕಾಯಿರಿ. ಎಣ್ಣೆ ಸೋರುತ್ತಿದ್ದರೆ ‘ಹೇಗಾದರೂ ಒಳಗೆ ತಲುಪೋಣ’ ಎಂದು ಇಡೀ ಸುತ್ತು ಓಡಿಸಬಾರದು. ನಿಮ್ಮ ಕಾರಿನ ಎಣ್ಣೆ ಹಿಂದೆ ಬರುವ ಇನ್ನೊಬ್ಬರ ಮಗನ ಚಕ್ರದ ಕೆಳಗೆ ಇರುತ್ತದೆ. ಹಾಗೆ ಜಾರುವ ಟ್ರ್ಯಾಕನ್ನು ಸೂಚಿಸಲು ಕೆಂಪು ಪಟ್ಟೆಗಳಿರುವ ಹಳದಿ ಬಾವುಟವೇ ಇದೆ.

ನಿಜವಾದ ಪರೀಕ್ಷೆ ಮನೆದಾರಿಯಲ್ಲಿ

ಸಂಜೆ ಟ್ರ್ಯಾಕ್ ಮುಚ್ಚುತ್ತದೆ. ಅಪಾಯ ಮುಗಿಯಿತೆಂದು ಭಾವಿಸಬೇಡಿ. ಕೊಯಮತ್ತೂರಿನಿಂದ ಊಟಿಯ ಮೂಲಕ ಬಂದರೆ ಗೂಡಲೂರಿನತ್ತ ಇಳಿಯುವ ಘಾಟಿ ಇದೆ. ಆಮೇಲೆ ಬಂಡೀಪುರ. ಅಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರ ನಿಷೇಧ. ಗೇಟು ಮುಚ್ಚುವ ಮೊದಲು ತಲುಪಬೇಕೆಂಬ ಆತುರ, ದಿನವಿಡೀ ದಣಿದ ಮೈ, ಹಗಲೆಲ್ಲ ಕುದಿದ ಬ್ರೇಕ್ ದ್ರವ. ಈ ಮೂರೂ ಒಂದೇ ಕಾರಿನಲ್ಲಿ ಘಾಟಿ ಇಳಿಯುವುದನ್ನು ಊಹಿಸಿ! ಟ್ರ್ಯಾಕಿನಲ್ಲಿ ಖಾಲಿ ಜಾಗವಿತ್ತು, ಆಂಬುಲೆನ್ಸ್ ಇತ್ತು. ಇಲ್ಲಿ ಒಂದು ಕಡೆ ಬಂಡೆ, ಇನ್ನೊಂದು ಕಡೆ ಕಣಿವೆ.

ಆದ್ದರಿಂದ ಕೊನೆಯ ಸುತ್ತನ್ನು ಬ್ರೇಕ್ ಬಳಸದೆ ನಿಧಾನವಾಗಿ ಓಡಿಸಿ ಕಾರನ್ನು ತಣಿಸಬೇಕು. ನಿಲ್ಲಿಸಿದ ಮೇಲೆ ಹ್ಯಾಂಡ್ ಬ್ರೇಕ್ ಎಳೆಯದೆ, ಗೇರಿನಲ್ಲಿ ಬಿಟ್ಟು ಚಕ್ರಕ್ಕೆ ಕಲ್ಲು ಕೊಡಬೇಕು. ಪೆಡಲ್ ಬೆಳಿಗ್ಗೆ ಇದ್ದಷ್ಟು ಗಟ್ಟಿ ಇಲ್ಲವೆನ್ನಿಸಿದರೆ ದ್ರವ ಬದಲಾಯಿಸದೆ ಹೊರಡಬಾರದು. ಆ ರಾತ್ರಿ ಅಲ್ಲೇ ಉಳಿಯಲು ಕೈಯಲ್ಲಿ ದುಡ್ಡಿರಬೇಕು. ಕಾರು ಕೆಟ್ಟರೆ ಲಾರಿಯ ಮೇಲೆ ತರಿಸುವ ಖರ್ಚನ್ನೂ ಮೊದಲೇ ಲೆಕ್ಕ ಹಾಕಿರಬೇಕು. ಬಸ್ಸಿನಲ್ಲಿ ಊರಿಗೆ ಮರಳುವುದು ಸೋಲಲ್ಲ.

ತೋಟದ ಮನೆಗಳಲ್ಲಿ ಪ್ರತಿದಿನ ಬೆಳಿಗ್ಗೆ ಮಳೆ ಅಳೆದು ಇಂಚು, ಸೆಂಟಿನಲ್ಲಿ ಬರೆದಿಡುವ ರೂಢಿ ಇದೆಯಷ್ಟೆ. ಹೂಮಳೆ ಯಾವ ದಿನ ಬಂತು, ಎಷ್ಟು ಬಂತು ಎಂದು ಹಳೆಯ ಪುಸ್ತಕ ತೆಗೆದರೆ ತಿಳಿಯುತ್ತದೆ. ಕಾರಿಗೂ ಅಂಥದೇ ಒಂದು ಪುಸ್ತಕ ಇರಲಿ. ಎಷ್ಟು ಸುತ್ತು, ಟೈರಿನ ಗಾಳಿ ಎಷ್ಟು, ಮುಳ್ಳು ಎಲ್ಲಿಯವರೆಗೆ ಏರಿತು, ಪೆಡಲ್ ಹೇಗಿತ್ತು ಎಂದು ಪ್ರತಿ ಸರದಿಯ ನಂತರ ಬರೆಯಿರಿ. ಕೆಡುವ ಮೊದಲೇ ಯಂತ್ರ ಏನು ಹೇಳುತ್ತಿತ್ತೆಂಬುದು ಆ ಪುಸ್ತಕದಲ್ಲಿ ಕಾಣುತ್ತದೆ.

ಎಂಜಿನಿಯರಿಂಗ್ ಓದುವವರಿಗೆ ಇದು ಬರಿಯ ಹವ್ಯಾಸವಲ್ಲ. ಕರಿ ಟ್ರ್ಯಾಕಿನಲ್ಲೇ ನಡೆಯುವ ‘ಫಾರ್ಮುಲಾ ಭಾರತ್’ ಸ್ಪರ್ಧೆಗೆ ವಿದ್ಯಾರ್ಥಿಗಳು ತಾವೇ ಕಟ್ಟಿದ ಕಾರು ತರುತ್ತಾರೆ. ಬ್ರೇಕ್ ಒತ್ತಿದಾಗ ನಾಲ್ಕೂ ಚಕ್ರಗಳು ಬಿಗಿದು ನಿಲ್ಲಬೇಕು. ಆ ಪರೀಕ್ಷೆಯಲ್ಲಿ ಪಾಸಾಗದ ಕಾರು ಎಷ್ಟೇ ವೇಗದ್ದಾದರೂ ಟ್ರ್ಯಾಕಿಗೆ ಇಳಿಯುವಂತಿಲ್ಲ. ಓಡುವ ಹಕ್ಕು ಸಿಗಬೇಕಾದರೆ ಮೊದಲು ನಿಲ್ಲುವುದನ್ನು ತೋರಿಸಬೇಕು. ಪೊನ್ನಂಪೇಟೆ, ಕುಶಾಲನಗರಗಳ ಎಂಜಿನಿಯರಿಂಗ್ ಕಾಲೇಜುಗಳ ಹುಡುಗ ಹುಡುಗಿಯರೂ ಈ ಮಾತನ್ನು ನೆನಪಿಡಬೇಕು.

ಪೋಷಕರಿಗೆ ಒಂದು ಮಾತು

ಮನೆಯ ಕಾರಿನ ವಿಮಾ ಪಾಲಿಸಿಯನ್ನು ಒಮ್ಮೆ ತೆಗೆದು ಓದಿ. ಸಂಘಟಿತ ರೇಸ್, ವೇಗ ಪರೀಕ್ಷೆ ಮುಂತಾದವುಗಳಿಗೆ ಬಳಸಿದರೆ ಪಾಲಿಸಿ ಅನ್ವಯಿಸದು ಎಂಬ ಷರತ್ತು ಅದರಲ್ಲಿ ಇರುತ್ತದೆ. ಟ್ರ್ಯಾಕಿನಲ್ಲಿ ಆದ ನಷ್ಟ ನಿಮ್ಮದೇ ಎಂದು ತಿಳಿದುಕೊಂಡು ಅನುಮತಿ ಕೊಡಿ. ಸಾರ್ವಜನಿಕ ರಸ್ತೆಯಲ್ಲಿ ರೇಸ್ ಮಾಡುವುದು ಅಪರಾಧ. 2019ರ ತಿದ್ದುಪಡಿಯ ನಂತರ ಮೊದಲ ಸಲಕ್ಕೇ 3 ತಿಂಗಳವರೆಗೆ ಸೆರೆ ಅಥವಾ 5 ಸಾವಿರ ರೂಪಾಯಿವರೆಗೆ ದಂಡ ವಿಧಿಸಬಹುದು. ಹದಿನೆಂಟು ತುಂಬದ ಮಕ್ಕಳು ವಾಹನ ಓಡಿಸಿ ಅಪರಾಧವೆಸಗಿದರೆ ಪೋಷಕರೇ ಹೊಣೆ. 25 ಸಾವಿರ ರೂಪಾಯಿ ದಂಡ ಮತ್ತು 3 ವರ್ಷದವರೆಗೆ ಸೆರೆಗೆ ಅವಕಾಶವಿದೆ.

ಮಗನೋ ಮಗಳೋ ಟ್ರ್ಯಾಕಿನಿಂದ ಮನೆಗೆ ಬಂದಾಗ ‘ಎಷ್ಟು ವೇಗ ಹೋದೆ?’ ಎಂದು ಕೇಳುವುದು ಸಹಜ. ಅದರ ಬದಲು ‘ಯಾವಾಗ ನಿಲ್ಲಿಸಿದೆ? ಯಾಕೆ ನಿಲ್ಲಿಸಿದೆ?’ ಎಂದು ಕೇಳಿ ನೋಡಿ. ‘ಪೆಡಲ್ ಸ್ವಲ್ಪ ಮೆತ್ತಗಾಯಿತಪ್ಪಾ, ಮೂರನೇ ಸರದಿ ಬಿಟ್ಟುಬಿಟ್ಟೆ’ ಎಂಬ ಉತ್ತರ ಬಂದರೆ, ಕಟ್ಟಿದ ಶುಲ್ಕ ವ್ಯರ್ಥವಾಯಿತೆಂದು ಬೇಸರಿಸಬೇಡಿ. ಯಾರೂ ಬೀಸದೆಯೇ ಆ ಕಿತ್ತಳೆ ಬಾವುಟವನ್ನು ಕಾಣಲು ನಿಮ್ಮ ಮಗು ಕಲಿತಿದೆ. ನೆಮ್ಮದಿಯಿಂದ ಇರಿ, ಮುಂದಿನ ಸಲ ಕಾರಿನ ಕೀಲಿಯನ್ನು ನೀವೇ ಕರೆದು ಕೊಡಬಹುದು.